ಗೇಟಲ್ಲಿ ಕೇಳದೆ ಬಿಟ್ಟ ಮಾತು

ಎರಡು ವರ್ಷದ ಹಿಂದೆ ಸುಂಟಿಕೊಪ್ಪದ ಹತ್ರ ಒಂದು ಹೋಂಸ್ಟೇನಲ್ಲಿ ಗೇಟ್ ಕಾಯ್ತಿದ್ದೆ. ಸುತ್ತ ಕಾಫಿ ತೋಟ. ನಾನು ಓದಿದ್ದು ಏಳನೇ ಕ್ಲಾಸು. ಆ ಕೆಲ್ಸಕ್ಕೆ ಅಷ್ಟು ಸಾಕಿತ್ತು.

ನಮ್ಮ ಕಡೆ ಯಾರಾದ್ರೂ ಹೊರಟ್ರೆ "ಎಲ್ಲಿಗೆ ಹೊರಟ್ರಿ?" ಅಂತ ಕೇಳ್ತೀವಿ. ಕೇಳದಿದ್ರೆ ಇವನಿಗೇನೋ ಕೋಪ ಅಂತಾರೆ. ಗೆಸ್ಟಿಗೂ ಹಾಗೇ ಕೇಳ್ತಿದ್ದೆ.

ದಿಲ್ಲಿಯಿಂದ ಗಂಡ ಹೆಂಡ್ತಿ ಬಂದ್ರು, ಐವತ್ತು ದಾಟಿದವ್ರು. ಮೊದಲ್ನೇ ದಿನ ಮೂರು ಸಲ ಹೊರಗೆ ಹೋದ್ರು. ಮೂರು ಸಲನೂ ಹರಕು ಹಿಂದೀಲಿ ಕೇಳ್ದೆ. ಸಂಜೆ ಮೇಡಂ ಓನರ್ ಹತ್ರ, "ನಾವೇನು ಸ್ಕೂಲ್ ಮಕ್ಳಾ? ಆ ಗೇಟಿನವನು ಹಾಜರಿ ತಗೊಳ್ತಾನೆ. ರಿವ್ಯೂನಲ್ಲಿ ಬರೀತೀನಿ" ಅಂದ್ರಂತೆ. ಫೋನಲ್ಲಿ ಜನ ಕೊಡೋ ಸ್ಟಾರ್ ಕಮ್ಮಿ ಆದ್ರೆ ಗೆಸ್ಟ್ ಬರಲ್ಲ.

ಓನರ್ ಕರೆದ್ರು. "ಅವ್ರು ಎಲ್ಲಿಗಾದ್ರೂ ಹೋಗ್ಲಿ, ನಿಂಗೇನೋ? ಗುಡ್ ಮಾರ್ನಿಂಗ್ ಅನ್ನು, ಬಾಯಿ ಮುಚ್ಚು. ಇನ್ನೊಂದ್ಸಲ ಕಂಪ್ಲೇಂಟ್ ಬಂದ್ರೆ ಬ್ಯಾಗ್ ಕಟ್ಟು."

"ಆಯ್ತು ಸಾರ್."

ಮಾರನೇ ದಿನ ಬೆಳಿಗ್ಗೆ ಪಕ್ಕದ ತೋಟದ ರೈಟರ್ ಮಣಿ ಫೋನ್ ಮಾಡಿದ. ಆಳುಗಳ ಕೆಲ್ಸ ನೋಡ್ಕೊಳ್ಳೋನು ಅವನು.

"ಕೆರೆ ಹತ್ರ ಒಂಟಿ ಆನೆ ನಿಂತಿದೆ ಮಾರಾಯ. ಕಾಫಿ ಪಿಕಿಂಗ್ ನಿಲ್ಸಿದೀನಿ. ನಿಮ್ಮ ಟೂರಿಸ್ಟ್‌ಗಳ್ನ ಬಿಡ್ಬೇಡ, ಅದಕ್ಕೆ ಸೆಲ್ಫಿ ಇಷ್ಟ ಇಲ್ಲ."

ನಕ್ಕೆ. ಓನರಿಗೆ ಫೋನ್ ಮಾಡ್ದೆ, ಎತ್ತಲಿಲ್ಲ.

ಅಷ್ಟರಲ್ಲಿ ಆ ದಿಲ್ಲಿ ಸಾರ್ ಒಬ್ರೇ ಕ್ಯಾಮೆರಾ ನೇತಾಕ್ಕೊಂಡು ಬಂದ್ರು. ಕೆರೆ ಇರೋದು ಕೆಳಗೆ. ನಿನ್ನೆ ಟಾರ್ ರೋಡಲ್ಲಿ ಮೇಲೆ ಹೋಗಿದ್ರು, ಇವತ್ತೂ ಅಲ್ಲಿಗೇ ಅಂದ್ಕೊಂಡೆ. ಆನೆ ಇದೆ ಅಂತ ಒಂದು ಮಾತು ಹೇಳ್ಬಹುದಿತ್ತು. ಆದ್ರೆ ಮೊದ್ಲು ಎಲ್ಲಿಗೆ ಅಂತ ಕೇಳ್ಬೇಕಲ್ಲ, ಅಲ್ಲೇ ಬಾಯಿ ಕಟ್ತು.

"ಗುಡ್ ಮಾರ್ನಿಂಗ್ ಸರ್" ಅಂದೆ. ಅವ್ರು ಕೈ ಎತ್ತಿ ಹೋದ್ರು.

ಅರ್ಧ ಗಂಟೆಗೆ ಕೆರೆ ಕಡೆಯಿಂದ ಆಳುಗಳು ಕೂಗಿದ್ದು ಕೇಳ್ತು. ಓಡಿದೆ. ಕ್ಯಾಮೆರಾ ಒಂದು ಕಡೆ, ಅವ್ರು ಒಂದು ಕಡೆ ಬಿದ್ದಿದ್ರು. ಜೀಪಲ್ಲಿ ಮಡಿಕೇರಿಗೆ ಮುಟ್ಟೋಷ್ಟರಲ್ಲಿ ಉಸಿರು ಇರಲಿಲ್ಲ.

ಆಸ್ಪತ್ರೆ ಬೆಂಚಲ್ಲಿ ಕೂತು ಮೇಡಂ ನನ್ನೇ ನೋಡಿದ್ರು. "ನಿನ್ನೆ ಮೂರು ಸಲ ಕೇಳಿದ್ಯಲ್ಲ. ಇವತ್ತು ಯಾಕೆ ಕೇಳ್ಲಿಲ್ಲ?"

ನೀವೇ ಬೇಡ ಅಂದ್ರಲ್ಲ ಅಂತ ಹೇಳ್ಬಹುದಿತ್ತು. ಆದ್ರೆ ಅವ್ರಿಗೆ ಆನೆ ಇರೋದು ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು.

ಈಗ ಬಿಟ್ಟಂಗಾಲದ ಹತ್ರ ಇನ್ನೊಂದು ಗೇಟು. ಸೇರಿದ ದಿನಾನೇ ಅಲ್ಲಿನ ಓನರಿಗೆ ಹೇಳ್ದೆ, ಎಲ್ಲಿಗೆ ಅಂತ ಕೇಳೇ ಕೇಳ್ತೀನಿ, ಬೇಡ ಅಂದ್ರೆ ಈಗ್ಲೇ ಹೋಗ್ತೀನಿ ಅಂತ. ಗೆಸ್ಟ್ ಬೈತಾರೆ. ಬೈಸ್ಕೊಳ್ತೀನಿ. ಬೈಯೋಕಾದ್ರೂ ವಾಪಸ್ ಬರ್ತಾರಲ್ಲ.