ಕೆಲಗೇರಿ ಅಂಗಳದಲ್ಲಿ ಕೀನ್ಯಾದ ಕೊಳ್ಳ

ಕೆಲಗೇರಿಯಲ್ಲಿ ಬೆಳಕು ಹರಿಯುತ್ತಿದೆ. ಶಿವಬಸವ್ವ ಅಂಗಳದಲ್ಲಿ ಕೂತು, ನೆನೆಸಿದ ರದ್ದಿ ಕಾಗದವನ್ನು ಮೆಂತ್ಯದ ಜೊತೆ ಒರಳಿನಲ್ಲಿ ಕುಟ್ಟುತ್ತಿದ್ದಾರೆ. ಈ ಮುದ್ದೆಯಿಂದ ಕಾಳು ತುಂಬುವ ಬುಟ್ಟಿ ಮಾಡುವವರು ನಮ್ಮ ಕಡೆ ಓಣಿಗೊಬ್ಬರಿದ್ದಾರೆ. ಇವರು ಮಾಡುವುದು ದೇಶಗಳನ್ನು. ಧಾರವಾಡದ ಶಾಲೆಗಳಲ್ಲಿ ಮಕ್ಕಳು ಬೆರಳಾಡಿಸುವ ಉಬ್ಬು ನಕಾಶೆಗಳು ಇವರ ಕೈಯವು. ಇವರ ಹೆಸರು ಮಾತ್ರ ಒಂದರ ಮೇಲೂ ಇಲ್ಲ.

ಇಂದು ಹಲಗೆಯ ಮೇಲಿರುವುದು ಪೂರ್ವ ಆಫ್ರಿಕದ ಕೀನ್ಯಾ. ಬಲಕ್ಕೆ ಸಮುದ್ರದಂಚಿನ ತಗ್ಗು, ಆಚೆಗೆ ಒಣ ಬಯಲು, ಆಮೇಲೆ ಹಿಮ ಹೊತ್ತ ಪರ್ವತ, ಎಡತುದಿಗೆ ದೊಡ್ಡ ಸರೋವರ. ಪರ್ವತಕ್ಕೂ ಸರೋವರಕ್ಕೂ ನಡುವೆ, ಎತ್ತರದ ನಾಡನ್ನು ಸೀಳಿಕೊಂಡು ಹೋದ ಆಳವಾದ ಕೊಳ್ಳ. ಪರೀಕ್ಷೆ ಮುಗಿದ ಕೂಡಲೇ ನಾವೆಲ್ಲ ಮರೆತ ಭೂಗೋಳ ಇದು. ಶಿವಬಸವ್ವ ಮಾತ್ರ ಆ ದೇಶದ ಹೆಸರು ಮರೆಯುವ ಹಾಗಿಲ್ಲ. ಗಂಡ ಮಡಿವಾಳಪ್ಪ ಇಪ್ಪತ್ತು ವರ್ಷದ ಹಿಂದೆ, ೧೯೩೧ರಲ್ಲಿ, ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆ ಬಿಟ್ಟು, ಅಲ್ಲಿನ ರೈಲಿನ ಕೆಲಸಕ್ಕೆ ಹಡಗು ಹತ್ತಿದರು. ನೈವಾಶಾ ಎಂಬಲ್ಲಿ ಜ್ವರದಿಂದ ತೀರಿಕೊಂಡರು. ಸುದ್ದಿ ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು.

"ಕಡೀಕ ಒಂದು ಹಿಡಿ ಮಣ್ಣು ಕೊಡಾಕ ಸುದ್ದಾ ನನಗ ಆಗಲಿಲ್ಲರಿ," ಎನ್ನುತ್ತಾರೆ. ಕುಟ್ಟುವ ಕೈ ನಿಲ್ಲುವುದಿಲ್ಲ.

ಹೋದ ತಿಂಗಳು ಕೀನ್ಯಾದ ಮೊದಲ ನಕಾಶೆಯಲ್ಲಿ ಎಡವಟ್ಟಾಯಿತು. ಇವರು ನೀರಿಗೆ ಹೋದಾಗ ಶಾಲೆಯ ಮಾಸ್ತರ ಬಿಂದುಮಾಧವರು ಬಂದು, ಹಸಿ ಮುದ್ದೆಯಲ್ಲಿ ಕೊಳ್ಳವನ್ನು ಗೀರಿಟ್ಟು ಹೋಗಿದ್ದರು. ಮೊದಲೆಲ್ಲ ಬುಟ್ಟಿ ಮಾಡಿ, ಬಿರುಕು ಬಿಟ್ಟರೆ ತುಂಬಿ ಸವರಿ ರೂಢಿಯಾದ ಕೈ. ಶಿವಬಸವ್ವ ಕೊಳ್ಳವನ್ನೂ ಬಿರುಕೆಂದು ತಿಳಿದು ತುಂಬಿ ನುಣುಪು ಮಾಡಿಬಿಟ್ಟರು.

"ಶಿವಬಸವ್ವನವರ, ಇದು ಬಿರುಕಲ್ಲರಿ, ಕೊಳ್ಳ. ನಿಮ್ಮ ಯಜಮಾನರ ನೈವಾಶಾ ಇದರಾಗನ ಅದ," ಎಂದರಂತೆ ಮಾಸ್ತರರು.

ಅಂದು ಇವರು ಉಣ್ಣಲಿಲ್ಲ. ಒಣಗಿದ ಆ ನಕಾಶೆ ಕೊರೆಯಲು ಹೋದರೆ ಒಡೆಯಿತು. ಮತ್ತೆ ಒರಳಿನಿಂದಲೇ ಶುರು ಮಾಡಿದರು.

ಈಗ ಮಾಸ್ತರರು ಎದುರಿಗಿದ್ದಾರೆ. ಶಿವಬಸವ್ವನ ಅಂಗೈಯಲ್ಲಿ ಕೆಲಗೇರಿ ಕೆರೆಯ ಹಸಿ ಮಣ್ಣು. "ಕೊಳ್ಳದ ತಳಕ್ಕ ಇದನ್ನ ಹಚ್ಚಲೇನ್ರಿ? ನಕಾಶಿ ಕೆಡತೈತೇನ್ರಿ?"

ಮಾಸ್ತರರು ಹಲಗೆಯನ್ನು ಅವರ ಕಡೆ ಸರಿಸುತ್ತಾರೆ. "ಕೆಡೂದಿಲ್ಲರಿ. ಹಚ್ಚರಿ."

ಶಿವಬಸವ್ವ ಸೆರಗು ಹೊದ್ದು, ಬಲಗೈಯಿಂದ ಮಣ್ಣನ್ನು ತೆಳ್ಳಗೆ ಸವರುತ್ತಾರೆ. ಆಮೇಲೆ ಕೈ ತೊಳೆದು ಬಂದು, ಕೊಳ್ಳದೊಳಗೆ ತಾವೇ ಒಮ್ಮೆ ಬೆರಳಾಡಿಸಿ ನೋಡುತ್ತಾರೆ.

"ಈ ಸಲ ಮುಚ್ಚಿಲ್ಲರಿ. ಸಾಲಿ ಹುಡುಗರು ದಿನಾ ಅವರನ್ನ ಮುಟ್ಟಿ ಹೋಗ್ತಾರಲ್ಲರಿ, ಅಷ್ಟು ಸಾಕು."