ನಡುಕ ಹುಡುಕುತ್ತಿದ್ದ ಮಿಸ್ತ್ರಿ

ವಿಜಾಪುರದ ಜೋರಾಪುರ ಪೇಟೆಯ ಆ ಮಿಸ್ತ್ರಿ ಮೋಟಾರ್ ಸೈಕಲ್ಲಿಗೆ ಬೋಲ್ಟು ಬಿಚ್ಚುವ ಪಾನಾ ಹಚ್ಚುವ ಮೊದಲು ಅಂಗೈಯನ್ನು ಲುಂಗಿಗೆ ಒರೆಸಿಕೊಂಡು ಇಂಜಿನ್ ಮೇಲಿಡುತ್ತಿದ್ದರು. ಆಮೇಲೆ ಅದೇ ಪ್ರಶ್ನೆ: “ನಡುಕ ಕೈಗೆ ಬರತೈತೋ ಕಾಲಿಗೆ ಬರತೈತೋ, ಮೊದಲ ಅದನ್ನ ಹೇಳ್ರಿ.”

ಅರವತ್ತರ ದಶಕದ ಮಾತು. ನನ್ನ ಹಳೆಯ ಗಾಡಿ ಊರು ದಾಟಿ ವೇಗ ಹಿಡಿದರೆ ಸಾಕು, ಗಡಗಡ ನಡುಗುತ್ತಿತ್ತು. ಬೇರೆ ಇಬ್ಬರು ಮಿಸ್ತ್ರಿಗಳು ಇಂಜಿನ್ ಬಿಚ್ಚಿ ಕಟ್ಟಿದರೂ ನಿಂತಿರಲಿಲ್ಲ. ಕೊನೆಗೆ ಇವರ ಹತ್ತಿರ ತಂದೆ. ಎಲ್ಲಿ ನಡುಗುತ್ತದೆಂದು ನನಗೂ ಹೇಳಲಾಗಲಿಲ್ಲ. ಅವರು ಜೊತೆಗೆ ಬಂದಿದ್ದ ನನ್ನ ಹೆಂಡತಿಯತ್ತ ತಿರುಗಿದರು.

“ಹಿಂದ ಕುಂದ್ರೋರು ನೀವಲ್ರಿ ಅಕ್ಕಾರ? ನೀವ ಹೇಳ್ರಿ.”

“ಕಾಲಿಗೆ ಬರತೈತ್ರಿ. ಅಂಗಾಲು ಜುಮ್ಮ ಅಂತೈತಿ,” ಎಂದಳು.

ಅವರು ಬಗ್ಗಿ ಕೈಯಾಡಿಸಿದರು. ಇಂಜಿನ್ನನ್ನು ಚೌಕಟ್ಟಿಗೆ ಬಿಗಿದ ಕೆಳಗಿನ ಬೋಲ್ಟಿಗೆ ಹಿಂದೆಂದೋ ಯಾರೋ ವಾಷರ್ ಹಾಕುವುದನ್ನೇ ಮರೆತಿದ್ದರು. ಅರ್ಧ ತಾಸಿನಲ್ಲಿ ಕೆಲಸ ಮುಗಿಯಿತು.

ಅಂದು ಬಬಲೇಶ್ವರದ ಅವಳ ತವರಿಗೆ ಗಾಡಿ ನೀರಿನಂತೆ ಹರಿಯಿತು. ನಡುಕಕ್ಕೆ ಅಂಜಿ ನನ್ನ ಹೆಗಲು ಹಿಡಿಯುತ್ತಿದ್ದ ಅವಳ ಕೈ ಮಾತ್ರ ಮಡಿಲಲ್ಲೇ ಉಳಿಯಿತು.

ವಾರದ ಮೇಲೆ ನಾನೊಬ್ಬನೇ ಹೋಗಿ, ಆ ಬೋಲ್ಟನ್ನು ಸ್ವಲ್ಪ ಸಡಿಲ ಮಾಡಿಕೊಡಿ ಎಂದೆ. ಯಾಕೆಂದು ಕೇಳಿದರು. ಹೇಳಿದೆ. ಅವರು ನಗಲಿಲ್ಲ, ಅಂಗೈ ಒರೆಸಿಕೊಂಡರು.

“ಇಂಜಿನ್ ಕೆಡಸೂದು ಬ್ಯಾಡ್ರಿ. ಬಬಲೇಶ್ವರಕ್ಕ ತಿಕೋಟಾ ಮ್ಯಾಲಿಂದ ಹೋಗ್ರಿ. ಆ ರಸ್ತಾ ಭಾಳ ಕೆಟ್ಟೈತಿ.”

ಎಷ್ಟೋ ವರ್ಷ ಆ ಸುತ್ತು ಹಾದಿಯಲ್ಲೇ ಹೋದೆವು. ಈಗ ಅಲ್ಲಿ ಡಾಂಬರು ಬಿದ್ದಿದೆ. ಅವರಿಲ್ಲ, ಅವಳೂ ಇಲ್ಲ. ಮೊನ್ನೆ ಬಸ್ಸಿನಲ್ಲಿ ಹೋದಾಗ ಒಂದು ಕುಲುಕೂ ಇರಲಿಲ್ಲ. ಊರು ಬರುವವರೆಗೂ ನನ್ನ ಕೈ ನನ್ನದೇ ಹೆಗಲ ಮೇಲಿತ್ತು.