ಟ್ರೇನಿನಲ್ಲಿ ನಾನು ಒಪ್ಪಿಕೊಂಡದ್ದು

"ಮಾಡಿಲ್ಲ ಅಂತೀರಿ, ಮತ್ತೆ ಪೊಲೀಸರ ಮುಂದೆ ಯಾಕೆ ಒಪ್ಪಿಕೊಂಡಿರಿ?" ಅಂತ ಒಬ್ಬ ಕೈದಿಯನ್ನು ಜೈಲಿಗೇ ಹೋಗಿ ಕೇಳಿದೆ. ನಿರಪರಾಧಿಗಳಿಗೇನಾದರೂ ಶಿಕ್ಷೆಯಾಗಿದೆಯೇ ಅಂತ ಹಳೆಯ ಕೇಸುಗಳನ್ನು ಮತ್ತೆ ಕೆದಕುವ ಸರ್ಕಾರಿ ವಕೀಲರ ತಂಡಕ್ಕೆ ನಾನು ಮುಖ್ಯಸ್ಥೆ.

"ಹೂಂ ಅಂದರೆ ಮನೆಗೆ ಕಳಿಸ್ತಾರೆ ಅಂದುಕೊಂಡೆ," ಅಂದ.

ಈ ಮಾತನ್ನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಆದರೂ ಒಳಗೊಳಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಸಂಜೆ ವಾಪಸ್ ಬರುವಾಗ ಟ್ರೇನಿನಲ್ಲಿ ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಿ ಪಕ್ಕದ ಆಂಟಿಯೊಬ್ಬರು ತಿರುಗಿದರು.

"ಇಲ್ಲಿನ ಕನ್ನಡ ಸಂಘದ ಯುಗಾದಿ ಫಂಕ್ಷನ್‌ನಲ್ಲಿ ದೇವರನಾಮ ಹಾಡಿದ್ದು ನೀವೇ ಅಲ್ವಾ?"

"ಇಲ್ಲ ಆಂಟಿ, ನನಗೆ ಹಾಡೋಕೇ ಬರಲ್ಲ."

"ಸುಮ್ನಿರಿ, ನಾನು ಮುಂದಿನ ಸಾಲಲ್ಲೇ ಕೂತಿದ್ದೆ. ಹಸಿರು ಸೀರೆ ಉಟ್ಟಿದ್ರಿ."

ಅವತ್ತು ನಾನು ಊರಲ್ಲೇ ಇರಲಿಲ್ಲ ಅಂದೆ. ನಿಮಗೆ ಸಂಕೋಚ ಜಾಸ್ತಿ ಅಂದರು. ಸ್ಟೇಷನ್ ಮೇಲೆ ಸ್ಟೇಷನ್ ದಾಟಿದರೂ ಆಂಟಿ ಬಿಡಲಿಲ್ಲ. ಕೊನೆಗೆ ಸಾಕಾಗಿ, "ಹೌದು ಆಂಟಿ, ನಾನೇ," ಅಂದುಬಿಟ್ಟೆ.

"ನೋಡಿದ್ರಾ! ಆದರೆ ಶ್ರುತಿ ಸ್ವಲ್ಪ ಆಚೀಚೆ ಆಗಿತ್ತು."

"ಗಂಟಲು ಕೆಟ್ಟಿತ್ತು ಆಂಟಿ," ಅಂತ ಅದಕ್ಕೊಂದು ವಿವರಣೆಯನ್ನೂ ನಾನೇ ಕೊಟ್ಟೆ!

ನನ್ನ ಸ್ಟೇಷನ್ ಹಿಕ್ಸ್‌ವಿಲ್ ಬಂತು, ಇಳಿದೆ. ಒಪ್ಪಿಕೊಂಡ ಮೇಲೆ ನನ್ನನ್ನೇನೋ ಮನೆಗೆ ಬಿಟ್ಟರು.